ದೀರ್ಘ ಕಾಯಿಲೆ ಇರುವ ಮಗುವಿನ ಮನಸ್ಸು: ಕಾಸರಗೋಡಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ನನ್ನ ಮಗನಿಗೆ 6 ವರ್ಷ ಇದ್ದಾಗ ಟೈಪ್ 1 ಡಯಾಬಿಟಿಸ್ ಬಂತು. ಈಗ ಅವನಿಗೆ 13. ಈ ಏಳು ವರ್ಷಗಳಲ್ಲಿ ಆಸ್ಪತ್ರೆಯ ಬೆಂಚಿನಲ್ಲಿ, ಮಂಗಳೂರಿನ ಬಸ್ಸಿನಲ್ಲಿ, ಮದುವೆ ಮನೆಯ ಕೈ ತೊಳೆಯುವ ನಳ್ಳಿಯ ಹತ್ತಿರ ಎಷ್ಟೋ ಅಪ್ಪ ಅಮ್ಮಂದಿರು ಸಿಕ್ಕಿದ್ದಾರೆ. ಒಬ್ಬರ ಮಗುವಿಗೆ ಫಿಟ್ಸ್, ಇನ್ನೊಬ್ಬರದಕ್ಕೆ ಕಿಡ್ನಿ, ಮತ್ತೊಬ್ಬರದಕ್ಕೆ ಉಬ್ಬಸ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಮದ್ದು ಎಷ್ಟು, ಪಥ್ಯ ಯಾವುದು ಎಂಬುದನ್ನೆಲ್ಲ ನಿಮ್ಮ ಡಾಕ್ಟರ್ ಹೇಳಬೇಕು. ಚೀಟಿಯಲ್ಲಿ ಯಾರೂ ಬರೆದುಕೊಡದ ವಿಷಯಗಳು ಮಾತ್ರ ಇಲ್ಲಿವೆ.

ಮಗುವಿಗೆ ಕಾಯಿಲೆಯ ಹೆಸರು ಹೇಳಬೇಕಾ? ಚಿಕ್ಕವನು, ಹೆದರುತ್ತಾನೆ ಅಲ್ವಾ?

ಹೇಳಬೇಕು. ನಾವು ಮೊದಲ ಎರಡು ತಿಂಗಳು ಹೇಳಲಿಲ್ಲ. "ರಕ್ತ ಸ್ವಲ್ಪ ಕಮ್ಮಿ ಉಂಟು, ಅದಕ್ಕೆ ಇಂಜೆಕ್ಷನ್" ಎಂದು ಸುಳ್ಳು ಹೇಳುತ್ತಿದ್ದೆವು. ಒಂದು ರಾತ್ರಿ ಮಲಗಿಸುವಾಗ ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದ: "ಅಮ್ಮಾ, ನಾನು ಅಜ್ಜಿಯ ಡಬ್ಬಿಯಿಂದ ಬೆಲ್ಲ ಕದ್ದು ತಿಂದದ್ದಕ್ಕಾ ಇದು?" ಎರಡು ತಿಂಗಳು ಆ ಬೆಲ್ಲವನ್ನು ಅವನು ಒಬ್ಬನೇ ಹೊತ್ತುಕೊಂಡಿದ್ದ.

ಆರೇಳು ವರ್ಷದೊಳಗಿನ ಮಕ್ಕಳಲ್ಲಿ ಇದು ಸಾಮಾನ್ಯ. ಏನೇ ಕೆಟ್ಟದ್ದಾದರೂ ತಾನು ಮಾಡಿದ್ದಕ್ಕೆ ಆಯಿತು ಎಂದುಕೊಳ್ಳುತ್ತಾರೆ. ನಾವು ಹೇಳದೆ ಬಿಟ್ಟ ಜಾಗದಲ್ಲಿ ಮಗು ತನ್ನದೇ ಕಥೆ ಕಟ್ಟಿಕೊಳ್ಳುತ್ತದೆ. ಆ ಕಥೆ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಹೇಗೆ ಹೇಳುವುದು? ಚಿಕ್ಕ ಮಗುವಿಗೆ ಮೂರು ಮಾತು ಸಾಕು. ಕಾಯಿಲೆಯ ಹೆಸರು, ಇದು ನಿನ್ನ ತಪ್ಪಲ್ಲ ಎಂಬುದು, ಇದಕ್ಕೆ ನಾವು ಏನು ಮಾಡುತ್ತೇವೆ ಎಂಬುದು. ನಾನು ಮಗನಿಗೆ ಹೇಳಿದ್ದು ಹೀಗೆ: "ಹೊಟ್ಟೆಯೊಳಗೆ ಇನ್ಸುಲಿನ್ ಮಾಡುವ ಒಂದು ಜಾಗ ಉಂಟು. ನಿನ್ನ ಮೈಯ ಕಾವಲಿನವರೇ ಗೊತ್ತಾಗದೆ ಅದನ್ನು ಹಾಳು ಮಾಡಿದ್ದಾರೆ. ಬೆಲ್ಲ ತಿಂದದ್ದಕ್ಕೆ ಹಾಗೆ ಆಗುವುದಿಲ್ಲ. ಅಲ್ಲಿ ಈಗ ಆಗದ್ದನ್ನು ನಾವು ಹೊರಗಿನಿಂದ ಕೊಡುತ್ತೇವೆ." ಟೈಪ್ 1 ನಿಜವಾಗಿ ಆಗುವುದೂ ಹಾಗೆಯೇ. ಸಿಹಿ ತಿಂದು ಬರುವ ಕಾಯಿಲೆ ಅದಲ್ಲ.

ಎಂಟು ಹತ್ತು ವರ್ಷದ ಮಕ್ಕಳಿಗೆ ವಿವರ ಬೇಕು. ಯಾವ ಭಾಗ, ಯಾವ ಮದ್ದು, ಎಷ್ಟು ದಿನ ಎಂದೆಲ್ಲ ಕೇಳುತ್ತಾರೆ. ಚಿತ್ರ ಬರೆದು ತೋರಿಸಿ. ದೊಡ್ಡ ಮಕ್ಕಳು ಹೇಗೂ ಫೋನಿನಲ್ಲಿ ಹುಡುಕಿರುತ್ತಾರೆ. ಅವರಿಗೆ ಹೇಳುವ ಮೊದಲು "ನಿನಗೆ ಎಷ್ಟು ಗೊತ್ತುಂಟು?" ಎಂದು ಕೇಳುವುದು ಒಳ್ಳೆಯದು. ಒಮ್ಮೆ ಹೇಳಿದರೆ ಮುಗಿಯುವುದಿಲ್ಲ. ಆರರಲ್ಲಿ ಹೇಳಿದ್ದನ್ನು ಹತ್ತರಲ್ಲಿ ಇನ್ನೊಮ್ಮೆ, ಬೇರೆ ಥರ ಹೇಳಬೇಕಾಗುತ್ತದೆ.

ಡಾಕ್ಟರ್ ಮಲಯಾಳದಲ್ಲಿ ಹೇಳುತ್ತಾರೆ, ನನಗೆ ಪೂರ್ತಿ ಗೊತ್ತಾಗುವುದಿಲ್ಲ. ಮಗಳೇ ನನಗೆ ಹೇಳಿಕೊಡುತ್ತಾಳೆ. ತೊಂದರೆ ಇಲ್ಲ ಅಲ್ವಾ?

ತೊಂದರೆ ಉಂಟು. ಈ ಪ್ರಶ್ನೆ ನಮ್ಮ ಜಿಲ್ಲೆಯದ್ದೇ. 1956ರಲ್ಲಿ ಗಡಿ ಗೆರೆ ಎಳೆದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಮನೆಮಾತು ಒಂದು, ಶಾಲೆಯ ಮಾತು ಒಂದು, ಆಫೀಸಿನ ಮಾತು ಮತ್ತೊಂದು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಕರಾಡ ಏನೂ ಇರಬಹುದು. ಶಾಲೆಯಲ್ಲಿ ಕನ್ನಡ. ಕಾಸರಗೋಡಿನ ಆಸ್ಪತ್ರೆಯಲ್ಲಿ ಮಲಯಾಳ, ಮಂಗಳೂರಿಗೆ ಹೋದರೆ ಅರ್ಧ ಇಂಗ್ಲಿಷ್. ಮಲಯಾಳ ಬೇಗ ಕಲಿಯುವವರು ಮಕ್ಕಳು. ಹಾಗಾಗಿ ಅಮ್ಮನಿಗೂ ಅಜ್ಜಿಗೂ ಅವರೇ ದುಭಾಷಿಗಳಾಗುತ್ತಾರೆ.

ಒಮ್ಮೆ ಮುಂದಿನ ನಂಬರ್ ನಮ್ಮದೆಂದು ನಾನು ಡಾಕ್ಟರ ಕೋಣೆಯ ಒಳಗೇ ನಿಂತಿದ್ದೆ. ಕುರ್ಚಿಯಲ್ಲಿ ಒಬ್ಬಳು ಹುಡುಗಿ, ಐದನೇ ಕ್ಲಾಸಿನವಳು ಇರಬೇಕು. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿಯ ಕಾಯಿಲೆ, ಮುಖ ಉಬ್ಬಿತ್ತು. ಡಾಕ್ಟರ್ ನಾಲ್ಕೈದು ವಾಕ್ಯ ಹೇಳಿದರು. ಮದ್ದು ಸರಿಯಾಗಿ ಹಿಡಿಯುತ್ತಿಲ್ಲ, ಕಿಡ್ನಿಯಿಂದ ಚೂರು ತೆಗೆದು ಪರೀಕ್ಷೆ ಮಾಡಬೇಕಾಗಬಹುದು ಎಂದರು. ಹುಡುಗಿ ಫೈಲಿನ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಬೆರಳ ತುದಿ ಬಿಳಿಯಾಗಿತ್ತು. ಆಮೇಲೆ ಅಮ್ಮನ ಕಡೆ ತಿರುಗಿ ತುಳುವಿನಲ್ಲಿ ಹೇಳಿದ್ದು ಇಷ್ಟೇ: ಇದೇ ಮದ್ದು ಮುಂದುವರಿಸಬೇಕಂತೆ.

ಅವಳು ಸುಳ್ಳು ಹೇಳಿದಳು ಎನ್ನಬೇಡಿ. ಅಮ್ಮ ಅಳಬಾರದು ಎಂದು ಆ ಸುದ್ದಿಯನ್ನು ತಾನೇ ನುಂಗಿದಳು. ನಾನು ಹೊರಗೆ ಹೋಗಿ ಆ ತಾಯಿಯನ್ನು ಹುಡುಕಿ, ಅವರನ್ನು ನರ್ಸ್ ಹತ್ತಿರ ವಾಪಸು ಕರೆದುಕೊಂಡು ಬಂದೆ. ಅಷ್ಟೇ ನನ್ನಿಂದ ಆದದ್ದು.

ಹಾಗಾಗಿ ಜೊತೆಗೆ ಮಲಯಾಳ ಬರುವ ದೊಡ್ಡವರು ಒಬ್ಬರು ಇರಲಿ. ಚಿಕ್ಕಪ್ಪ, ಪಕ್ಕದ ಮನೆಯವರು, ಆಶಾ ಕಾರ್ಯಕರ್ತೆ ಯಾರಾದರೂ ಆಗಬಹುದು. ಯಾರೂ ಸಿಗದಿದ್ದರೆ "ಮೆಲ್ಲ ಹೇಳಿ, ಬರೆದು ಕೊಡಿ, ಮಗುವಿನ ಕೈಯಲ್ಲಿ ಹೇಳಿಸಬೇಡಿ" ಎಂದು ಡಾಕ್ಟರರಿಗೇ ಹೇಳಿ. ಹೆಚ್ಚಿನವರು ಕೇಳುತ್ತಾರೆ. ಕನ್ನಡ ತಿಳಿದ ನರ್ಸ್ ಒಬ್ಬರು ಎಲ್ಲಾದರೂ ಇದ್ದೇ ಇರುತ್ತಾರೆ.

ಇನ್ನೊಂದು. ಕಾಯಿಲೆಯ ಮಾತುಗಳೆಲ್ಲ ಮಲಯಾಳ, ಇಂಗ್ಲಿಷಿನಲ್ಲೇ ಮಗುವಿನ ಕಿವಿಗೆ ಬಿದ್ದರೆ, ಅದರ ಬಗ್ಗೆ ಅಳಲು ಬೇಕಾದ ಮಾತು ಮನೆಯ ಭಾಷೆಯಲ್ಲಿ ಇಲ್ಲದೆ ಹೋಗುತ್ತದೆ. ಮನೆಗೆ ಬಂದು ನಿಮ್ಮ ಭಾಷೆಯಲ್ಲಿ ಒಮ್ಮೆ ಪೂರ್ತಿ ಹೇಳಿ. ನಿಮ್ಮ ತುಳುವಿನಲ್ಲೋ ಹವ್ಯಕದಲ್ಲೋ ಹೇಳಿದಾಗ ಮಗು ಕೇಳುವ ಪ್ರಶ್ನೆಯೇ ಬೇರೆ. ನಾನು ನೋಡಿದ್ದೇನೆ.

ಮೊದಲು ಹೀಗಿರಲಿಲ್ಲ. ಈಗ ಎಲ್ಲದಕ್ಕೂ ಸಿಟ್ಟು, ಹಠ. ಕಾಯಿಲೆಯಿಂದಲಾ, ಮುದ್ದು ಜಾಸ್ತಿಯಾಗಿಯಾ?

ಬೈಯುವ ಮೊದಲು ಮೈಯನ್ನು ನೋಡಿ. ಟೈಪ್ 1 ಮಕ್ಕಳಲ್ಲಿ ಸಕ್ಕರೆ ಇಳಿದಾಗ ಕೈ ನಡುಕ, ಬೆವರು ಬರುವ ಮೊದಲೇ ಸಿಟ್ಟು ಬರಬಹುದು. ನನ್ನ ಮಗ ಒಮ್ಮೆ ತಟ್ಟೆ ಎತ್ತಿ ಎಸೆದ. ನಾನು ಕೈ ಎತ್ತಿದೆ. ರಕ್ತದ ಸಕ್ಕರೆ ನೋಡುವ ಮೀಟರಿನಲ್ಲಿ ನೋಡಿದರೆ 52. 70ಕ್ಕಿಂತ ಕಡಿಮೆ ಇದ್ದರೆ ಮೊದಲು ಸಣ್ಣ ಚಮಚದಲ್ಲಿ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ, 15 ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬುದ್ಧಿ ಹೇಳುವುದೆಲ್ಲ ಆಮೇಲೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು.

ಮದ್ದುಗಳೂ ಮನಸ್ಸನ್ನು ಕದಡುತ್ತವೆ. ಕಿಡ್ನಿಗೆ, ಉಬ್ಬಸಕ್ಕೆ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ, ಸುಮ್ನೆ ಅಳು ಬರಿಸುತ್ತದೆ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್‌ನಿಂದ ಕೆಲವು ಮಕ್ಕಳಿಗೆ ವಿಪರೀತ ಕಿರಿಕಿರಿ. ಉಬ್ಬಸಕ್ಕೆ ಸಾಲ್ಬುಟಮಾಲ್ ಇನ್‌ಹೇಲರ್ ಎಳೆದ ಮೇಲೆ ಸ್ವಲ್ಪ ಹೊತ್ತು ಕೈ ನಡುಗುವುದು, ಒಂದು ಕಡೆ ಕೂರಲಾಗದಿರುವುದು ಉಂಟು. ಯಾವ ಮದ್ದು ಶುರುವಾದ ಮೇಲೆ ಯಾವ ಬದಲಾವಣೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಡಾಕ್ಟರರಿಗೆ ತೋರಿಸಿ. ಬೇರೆ ಮದ್ದು ಇರಬಹುದು. ಆದರೆ ನೀವಾಗಿಯೇ ನಿಲ್ಲಿಸಬೇಡಿ. ಸ್ಟೀರಾಯ್ಡ್ ಮತ್ತು ಫಿಟ್ಸ್ ಮದ್ದು ಒಮ್ಮೆಲೇ ನಿಲ್ಲಿಸಿದರೆ ಅಪಾಯ.

ಇವೆಲ್ಲ ಇಲ್ಲದೆಯೂ ಸಿಟ್ಟು ಬರುತ್ತದೆ. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಂಡರೆ ನಮಗೆ ಬರುವುದಿಲ್ವಾ? ಸಿಟ್ಟು ಬರಲಿ, ಹೊಡೆಯುವುದು ಎಸೆಯುವುದು ಬೇಡ. ಈ ನಿಯಮ ಒಡಹುಟ್ಟಿದವರಿಗೂ ಅವನಿಗೂ ಒಂದೇ ಇರಬೇಕು. ಕಾಯಿಲೆ ಇದೆ ಎಂದು ಎಲ್ಲವನ್ನೂ ಬಿಟ್ಟುಬಿಟ್ಟರೆ "ನನ್ನ ಸ್ಥಿತಿ ಅಷ್ಟು ಕೆಟ್ಟದಾಗಿ ಉಂಟಾ?" ಎಂದು ಮಗುವಿಗೆ ಅನುಮಾನ ಬರುತ್ತದೆ.

ಸೂಜಿ ಕಂಡರೆ ಮನೆಯೆಲ್ಲ ಓಡುತ್ತಾಳೆ. ನಾಲ್ಕು ಜನ ಹಿಡಿಯಬೇಕು.

ನಾಲ್ಕು ಜನ ಹಿಡಿದರೆ ಮುಂದಿನ ಸಲ ಆರು ಜನ ಬೇಕಾಗುತ್ತದೆ. ಮಲಗಿಸಿ ಒತ್ತಿ ಹಿಡಿಯುವ ಬದಲು ತೊಡೆಯ ಮೇಲೆ ಕೂರಿಸಿ ಅಪ್ಪಿಕೊಳ್ಳಿ. "ನೋವೇ ಆಗುವುದಿಲ್ಲ" ಎನ್ನಬೇಡಿ. "ಇರುವೆ ಕಚ್ಚಿದ ಹಾಗೆ ಆಗುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ" ಎನ್ನಿ, ಮತ್ತೆ ನಿಜವಾಗಿ ಎಣಿಸಿ. ಚುಚ್ಚುವುದೋ ಬೇಡವೋ ಎಂಬುದು ಅವಳ ಕೈಯಲ್ಲಿಲ್ಲ. ಯಾವ ಕೈ, ಯಾವ ಬೆರಳು, ಯಾರು ಪಕ್ಕದಲ್ಲಿ ಎಂಬುದು ಅವಳ ಕೈಯಲ್ಲಿರಲಿ. ಚಿಕ್ಕವರಿಗೆ ಸೋಪಿನ ಗುಳ್ಳೆ ಊದುವುದು ಒಳ್ಳೆಯ ಉಪಾಯ, ಉಸಿರು ತಾನಾಗಿ ಉದ್ದವಾಗುತ್ತದೆ. ಥಲಸ್ಸೇಮಿಯಾದ ಹಾಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸುವ ಮಕ್ಕಳಿಗೆ ಚರ್ಮ ಮರಗಟ್ಟಿಸುವ ಕ್ರೀಮ್ ಸಿಗುತ್ತದೆ. ಸುಮಾರು ಒಂದು ಗಂಟೆ ಮೊದಲು ಹಚ್ಚಬೇಕು. ಕೇಳಿದರೆ ಡಾಕ್ಟರ್ ಬರೆದುಕೊಡುತ್ತಾರೆ, ಕೇಳದಿದ್ದರೆ ಬಹಳ ಸಲ ಇಲ್ಲ.

ಮತ್ತೆ, "ಗಲಾಟೆ ಮಾಡಿದರೆ ಇಂಜೆಕ್ಷನ್ ಕೊಡಿಸುತ್ತೇನೆ" ಎಂಬ ಮಾತು ನಮ್ಮ ಮನೆಗಳಿಂದ ಹೋಗಬೇಕು. ನಾನೇ ಎಷ್ಟೋ ಸಲ ಕ್ಲಾಸಿನಲ್ಲಿ ಹೇಳಿದ್ದೇನೆ, ಮಗನಿಗೆ ಕಾಯಿಲೆ ಬರುವ ಮೊದಲು.

ನೆಂಟರು, ನೆರೆಕರೆಯವರು ಮಗುವಿನ ಎದುರೇ ಏನೇನೋ ಹೇಳುತ್ತಾರೆ. ಹೇಗೆ ತಡೆಯುವುದು?

ಒಂದು ಉಪನಯನದ ಊಟ. ನನ್ನ ಮಗ ಅವನ ವಾರಿಗೆಯ ಹುಡುಗರ ಜೊತೆ ಪಂಕ್ತಿಯಲ್ಲಿ ಕೂತಿದ್ದ. ಪಾಯಸದ ಬಕೆಟ್ ಬಂತು. ಆಚೆ ಸಾಲಿನಿಂದ ಒಬ್ಬರು ದೊಡ್ಡ ಸ್ವರದಲ್ಲಿ, "ಏಯ್, ಅವನಿಗೆ ಬಡಿಸ್ಬೇಡಿ, ಅವನಿಗೆ ಶುಗರ್!" ಸಾಲಿಗೆ ಸಾಲೇ ತಿರುಗಿ ನೋಡಿತು. ಬಡಿಸುವವರ ಸೌಟು ಗಾಳಿಯಲ್ಲಿ ನಿಂತಿತು. ಅವನು ಬಾಳೆಲೆಯ ತುದಿಯನ್ನು ಸಣ್ಣ ಸಣ್ಣಗೆ ಹರಿಯುತ್ತಾ ಕೂತ. ಆ ದಿನ ಒಂದು ಸೌಟು ಪಾಯಸಕ್ಕೆ ಎಷ್ಟು ಇನ್ಸುಲಿನ್ ಎಂದು ನಾವು ಮೊದಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆವು. ಅದನ್ನು ಅಲ್ಲಿ ಯಾರಿಗೆ ವಿವರಿಸುವುದು?

ಈಗ ಏನು ಮಾಡುತ್ತೇನೆ ಎಂದರೆ, ಹೋಗುವ ಮೊದಲು ಮನೆಯವರಿಗೆ ಫೋನ್ ಮಾಡಿ ಹೇಳುತ್ತೇನೆ: "ಅವನಿಗೆ ಏನು ಬೇಕು ಬೇಡ ಅವನಿಗೇ ಗೊತ್ತುಂಟು, ಯಾರೂ ಏನೂ ಹೇಳುವುದು ಬೇಡ." ಕೇಳಿದವರಿಗೆ ಹೇಳಲು ಮಗನಿಗೂ ಒಂದು ವಾಕ್ಯ ಕಲಿಸಿದ್ದೇವೆ. "ನಾನು ಲೆಕ್ಕ ಹಾಕಿ ತಿನ್ನುತ್ತೇನೆ ಮಾವ." ಅಷ್ಟೇ.

"ಪಾಪ" ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಬಂದವರೆಲ್ಲ ತಲೆ ಸವರಿ "ಛೆ, ಪಾಪ" ಎನ್ನುತ್ತಾರೆ. ಕನಿಕರದಿಂದಲೇ. ಆದರೆ ಶಾಲೆಯಲ್ಲಿ ಪಾಪ ಪುಣ್ಯದ ಕಥೆ ಕೇಳಿದ ಮಗುವಿಗೆ ಆ ಶಬ್ದದ ಅರ್ಥ ಬೇರೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಏನು ಮಾಡುವುದು. ಅಜ್ಜಿಯಂದಿರಿಗೆ ಬಿಡಿಸಿ ಹೇಳಿದರೆ ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದೆವು, ನಾಗದೋಷ ಎಂದರು. ಪರಿಹಾರ ಮಾಡಿಸಬಹುದಾ?

ಮಾಡಿಸಿ, ನಿಮಗೆ ಸಮಾಧಾನ ಆಗುವುದಾದರೆ. ಮಧೂರಿಗೆ ಹರಕೆ ಹೇಳಿ, ದೈವಕ್ಕೆ ಹೇಳಿಕೊಳ್ಳಿ, ಉಸ್ತಾದರಿಂದ ನೂಲು ಕಟ್ಟಿಸಿ. ನಾವೂ ಹೇಳಿಕೊಂಡಿದ್ದೇವೆ. ಎರಡು ವಿಷಯ ಮಾತ್ರ ಗಟ್ಟಿ ಇರಲಿ. ಮದ್ದು ಒಂದು ಹೊತ್ತೂ ನಿಲ್ಲಬಾರದು. ಟೈಪ್ 1 ಮಗುವಿಗೆ ಇನ್ಸುಲಿನ್ ಒಂದೆರಡು ದಿನ ತಪ್ಪಿದರೆ ಜೀವಕ್ಕೇ ಅಪಾಯ. ಎರಡನೆಯದು, ದೋಷ, ಶಾಪ, ಹಿಂದಿನ ಜನ್ಮದ ಮಾತು ಮಗುವಿನ ಕಿವಿಗೆ ಬೀಳಬಾರದು. ದೋಷ ಯಾರದ್ದು ಎಂದು ಮಗು ಕೇಳುವುದಿಲ್ಲ. ತನ್ನದು ಎಂದೇ ತಿಳಿದುಕೊಳ್ಳುತ್ತದೆ.

ಶಾಲೆಯಲ್ಲಿ ಹೇಳಬೇಕಾ, ಮುಚ್ಚಿಡಬೇಕಾ?

ಟೀಚರ್ ಆಗಿ ಹೇಳುತ್ತೇನೆ, ದಯಮಾಡಿ ಹೇಳಿ. ಗೊತ್ತಿಲ್ಲದ ಟೀಚರ್ ತಪ್ಪು ಮಾಡುತ್ತಾರೆ. ಮೂರು ಸಲ ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಎದ್ದ ಹುಡುಗನನ್ನು ನಾನೇ ಒಮ್ಮೆ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನ ಅಮ್ಮ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಒಂದು ಹಾಳೆ ಸಾಕು. ಕಾಯಿಲೆಯ ಹೆಸರು, ತೊಂದರೆ ಶುರುವಾದಾಗ ಕಾಣುವ ಗುರುತು, ತಕ್ಷಣ ಮಾಡಬೇಕಾದದ್ದು, ಇಬ್ಬರ ಫೋನ್ ನಂಬರ್. ಫಿಟ್ಸ್ ಇರುವ ಮಗುವಿನ ಹಾಳೆಯಲ್ಲಿ ದೊಡ್ಡದಾಗಿ ಬರೆಯಿರಿ: ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ, ಬೀಗದ ಕೀ ಬೇಡ, ಗಡಿಯಾರ ನೋಡಿ, 5 ನಿಮಿಷ ದಾಟಿದರೆ ಆಸ್ಪತ್ರೆ. ಇದು ಅಂಟುವ ರೋಗ ಅಲ್ಲ ಎಂಬುದನ್ನು ಮಕ್ಕಳಿಗಿಂತ ಜಾಸ್ತಿ ಅವರ ಅಪ್ಪ ಅಮ್ಮಂದಿರಿಗೆ ಹೇಳಬೇಕಾಗುತ್ತದೆ.

ಕ್ಲಾಸಿನ ಮಕ್ಕಳಿಗೆ ಹೇಳಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸಲಿ. ನನ್ನ ಮಗ ನಾಲ್ಕನೇ ಕ್ಲಾಸಿನಲ್ಲಿ ತಾನೇ ಮೀಟರ್ ತಂದು ಎಲ್ಲರಿಗೂ ತೋರಿಸಿದ. ಬೆರಳು ಚುಚ್ಚಿಸಿಕೊಳ್ಳಲು ಕ್ಯೂ ನಿಂತಿತು, ಒಂದು ವಾರದ ಸ್ಟ್ರಿಪ್ ಖಾಲಿ! ಇನ್ನೊಬ್ಬ ಮಗುವಿಗೆ ಯಾರಿಗೂ ಗೊತ್ತಾಗುವುದೇ ಬೇಡ ಅನಿಸಬಹುದು. ಅದೂ ಸರಿ.

ಆಟದಿಂದ, ಪ್ರವಾಸದಿಂದ, ಕಲೋತ್ಸವದಿಂದ "ನಿನಗೆ ಕಷ್ಟ" ಎಂದು ಹೊರಗಿಡಬೇಡಿ. ಉಬ್ಬಸದ ಹುಡುಗ ಯಕ್ಷಗಾನದಲ್ಲಿ ಕುಣಿಯಬಹುದಾ ಎಂದು ಒಬ್ಬ ತಂದೆ ಕೇಳಿದ್ದರು. ಡಾಕ್ಟರ್ ಕುಣಿಯಲಿ ಎಂದರು. ಪಫ್ ತೆಗೆದುಕೊಂಡು ಚೌಕಿಯಿಂದ ಹೊರಟ ಅಭಿಮನ್ಯುವನ್ನು ನಾನು ನೋಡಿದ್ದೇನೆ. ಇನ್‌ಹೇಲರ್ ಚಟ ಆಗುತ್ತದೆ ಎಂಬುದು ಬರೀ ಮಾತು.

ಪರೀಕ್ಷೆಯ ವಿಷಯ: ಟೈಪ್ 1 ಇರುವವರು ಹಾಲ್‌ನೊಳಗೆ ತಿಂಡಿ, ನೀರು, ಮಾತ್ರೆ ಇಟ್ಟುಕೊಳ್ಳಲು ಸಿಬಿಎಸ್‌ಇ 2017ರಲ್ಲೇ ಒಪ್ಪಿದೆ. ನಮ್ಮ ಮಕ್ಕಳು ಹೆಚ್ಚಾಗಿ ಕೇರಳ ಸಿಲೆಬಸ್‌ನವರು. ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಂಡು ಮುಖ್ಯೋಪಾಧ್ಯಾಯರಿಗೆ ವರ್ಷದ ಶುರುವಿನಲ್ಲೇ ಅರ್ಜಿ ಕೊಡಿ, ಮಾರ್ಚ್ ತನಕ ಕಾಯಬೇಡಿ. ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಬರುತ್ತಾರೆ. ಟೈಪ್ 1 ಅದರಲ್ಲಿಲ್ಲ.

ಮುಖ ಉಬ್ಬಿದ್ದಕ್ಕೆ "ಬನ್ಸ್" ಎಂದು ಕರೆಯುತ್ತಾರಂತೆ. ಶಾಲೆಗೆ ಹೋಗುವುದಿಲ್ಲ ಎನ್ನುತ್ತಾಳೆ.

ಸ್ಟೀರಾಯ್ಡ್‌ನಿಂದ ಉಬ್ಬಿದ್ದಾದರೆ, ಡಾಕ್ಟರ್ ಮದ್ದು ಇಳಿಸುತ್ತಾ ಬಂದ ಹಾಗೆ ಮುಖ ಮೊದಲಿನ ಹಾಗೆ ಆಗುತ್ತದೆ. ಹಳೆಯ ಫೋಟೋ ತೋರಿಸಿ ಹೇಳಿ. ಕರೆದವರ ಹೆಸರು ಟೀಚರಿಗೆ ಕೊಡಿ, "ಮಕ್ಕಳಾಟ" ಎಂದು ಬಿಡಬೇಡಿ. ಶಾಲೆ ಬಿಡಿಸುವುದು ಬೇಡ. ಒಂದು ವಾರ ಬಿಟ್ಟರೆ ಎರಡನೇ ವಾರ ಇನ್ನೂ ಕಷ್ಟ. ಅರ್ಧ ದಿನವಾದರೂ ಹೋಗಲಿ.

ದೊಡ್ಡ ಮಗಳಿಗೆ ಏನೂ ತೊಂದರೆ ಇಲ್ಲ, ಆದರೆ ಈಗೀಗ ಮಾತೇ ಆಡುವುದಿಲ್ಲ.

ಕಾಯಿಲೆ ಇರುವ ಮನೆಯಲ್ಲಿ ಹುಷಾರಾಗಿರುವ ಮಗು ಕಣ್ಣಿಗೇ ಬೀಳುವುದಿಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ಅವಳು ಎರಡು ದಿನ ಹೇಳಿರಲೇ ಇಲ್ಲ. ಕೇಳಿದರೆ, "ನಿಮಗೆ ತಮ್ಮನದ್ದೇ ಸಾಕಷ್ಟು ಉಂಟಲ್ವಾ" ಎಂದಳು. ಅವಳಿಗೆ ಆಗ 11 ವರ್ಷ.

ಒಡಹುಟ್ಟಿದವರ ಮನಸ್ಸಿನಲ್ಲಿ ಹೆದರಿಕೆ, ಹೊಟ್ಟೆಕಿಚ್ಚು, ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ನಾಚಿಕೆ ಎಲ್ಲ ಒಟ್ಟಿಗೆ ಇರುತ್ತವೆ. ತನಗೂ ಬರಬಹುದಾ ಎಂಬ ಭಯವನ್ನು ಅವರಾಗಿ ಹೇಳುವುದಿಲ್ಲ. ನೀವೇ ಎತ್ತಿ ಮಾತಾಡಿ. ತಮ್ಮನ ಸಕ್ಕರೆ ನೋಡುವುದು, ರಾತ್ರಿ ಎಬ್ಬಿಸುವುದು ಅವಳ ಕೆಲಸ ಆಗಬಾರದು. ವಾರಕ್ಕೆ ಒಂದು ಗಂಟೆ ಅವಳ ಜೊತೆ ಮಾತ್ರ ಇರಿ. ನಾವು ಪ್ರತಿ ಶನಿವಾರ ನೀರ್ಚಾಲಿನ ಪೇಟೆಗೆ ನಡೆದು ಹೋಗಿ ಗೋಳಿಬಜೆ ತಿಂದು ಬರುತ್ತೇವೆ. ಆ ಒಂದು ಗಂಟೆ ಶುಗರ್ ಸುದ್ದಿ ಎತ್ತುವ ಹಾಗಿಲ್ಲ.

ಹದಿನಾಲ್ಕು ವರ್ಷದವನು. ಮದ್ದು ತೆಗೆದುಕೊಂಡೆ ಎಂದು ಸುಳ್ಳು ಹೇಳುತ್ತಾನೆ.

ಈ ಪ್ರಾಯದಲ್ಲಿ ಇದು ತುಂಬಾ ಕಾಣುವ ವಿಷಯ. ವರ್ಷಗಟ್ಟಲೆ ಮಾಡಿ ಮಾಡಿ ಸುಸ್ತಾಗಿರುತ್ತದೆ. ಎಲ್ಲರ ಹಾಗೆ ಇರಬೇಕು ಎಂಬ ಆಸೆ ಜೋರಾಗಿರುತ್ತದೆ. ಮೀಟರಿನ ಅಂಕಿಯನ್ನು ಪರೀಕ್ಷೆಯ ಮಾರ್ಕಿನ ಹಾಗೆ ನೋಡುವ ಮನೆಯಲ್ಲಿ ಮಕ್ಕಳು ಸುಳ್ಳು ಅಂಕಿ ಬರೆಯುತ್ತಾರೆ. "260 ಯಾಕೆ ಬಂತು?" ಎಂದು ಗದರಿಸಿದರೆ ಮುಂದಿನ ವಾರ ಪುಸ್ತಕದಲ್ಲಿ ಎಲ್ಲವೂ 120, 130. ಅಂಕಿಗೆ ಒಳ್ಳೆಯದು ಕೆಟ್ಟದು ಎನ್ನುವುದು ಬಿಟ್ಟು "ಮೇಲೆ ಉಂಟು, ಈಗ ಏನು ಮಾಡುವ?" ಎಂದು ಕೇಳಿ.

"ದೊಡ್ಡವನಾದೆ, ನೀನೇ ನೋಡಿಕೋ" ಎಂದು ಒಮ್ಮೆಲೇ ಕೈಬಿಡುವುದೂ ತಪ್ಪು, ಹಿಂದೆ ಹಿಂದೆ ಸುತ್ತುವುದೂ ತಪ್ಪು. ಕೆಲವು ದಿನ ಅವನೇ ಕೇಳಿಕೊಂಡರೆ ನೀವು ಮಾಡಿಕೊಡಿ, ಅವನಿಗೂ ರಜೆ ಬೇಕು. ಡಾಕ್ಟರ ಹತ್ತಿರ ಹತ್ತು ನಿಮಿಷ ಅವನೊಬ್ಬನೇ ಮಾತಾಡಲಿ, ನೀವು ಹೊರಗೆ ಕೂರಿ.

ಯಾವಾಗ ಇದು ಬರೀ ಬೇಜಾರಲ್ಲ ಎಂದು ತಿಳಿಯುವುದು?

ಎರಡು ವಾರಕ್ಕಿಂತ ಜಾಸ್ತಿ ದಿನ ಆಟ, ಟಿವಿ, ಗೆಳೆಯರು ಯಾವುದೂ ಬೇಡ ಎಂದರೆ. ನಿದ್ದೆ, ಊಟ ಪೂರ್ತಿ ಕೆಟ್ಟರೆ. ಶಾಲೆಯ ದಿನ ಮಾತ್ರ ಹೊಟ್ಟೆನೋವು, ರಜೆಯ ದಿನ ಇಲ್ಲ ಎಂದಾದರೆ. ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡಲು ಶುರು ಮಾಡಿದರೆ, ಅದಕ್ಕೆ ಕಾಯಿಲೆಯೂ ಕಾರಣ ಇರಬಹುದು, ಎರಡನ್ನೂ ನೋಡಿಸಬೇಕು. ದೀರ್ಘ ಕಾಯಿಲೆ ಇರುವ ಮಕ್ಕಳಲ್ಲಿ ಆತಂಕ, ಖಿನ್ನತೆ ಉಳಿದವರಿಗಿಂತ ಹೆಚ್ಚು. ಹಾಗಾಗಿ ಕಾದು ನೋಡುವುದು ಬೇಡ.

"ನಾನು ಇಲ್ಲದಿದ್ದರೆ ನಿಮಗೆ ಖರ್ಚು ಕಮ್ಮಿ" ಎಂಬಂಥ ಮಾತು ಬಂದರೆ ಆ ದಿನವೇ ಕೂತು ನೇರವಾಗಿ ಕೇಳಿ: "ಸಾಯಬೇಕು ಎಂದು ಅನಿಸುತ್ತದಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬುದು ಸುಳ್ಳು ಭಯ. ಕೇಳಿದರೆ ಹಗುರ ಆಗುತ್ತದೆ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ. ಇನ್ಸುಲಿನ್, ಮಾತ್ರೆ, ತೋಟಕ್ಕೆ ಬಿಡುವ ಮದ್ದು (ಕೀಟನಾಶಕ) ಎಲ್ಲ ಬೀಗದೊಳಗೆ ಹೋಗಲಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕನ್ನಡದಲ್ಲಿ ಮಾತಾಡುವ ಕೌನ್ಸೆಲರ್ ಸಿಗುತ್ತಾರಾ?

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಉಂಟು, ನಂಬರ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸುವಾಗ ಕನ್ನಡ ಆರಿಸಬಹುದು. ಮಗುವೇ ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಡಾಕ್ಟರ್ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೆಲವು ಸರ್ಕಾರಿ ಶಾಲೆಗಳಲ್ಲಿ ಕೌನ್ಸೆಲರ್ ಇದ್ದಾರೆ. ಹೆಚ್ಚಿನವರದು ಮಲಯಾಳ. ಚಿಕ್ಕ ಮಕ್ಕಳಿಗೆ ಚಿತ್ರ ಬರೆಸಿ ಮಾತಾಡಿಸುತ್ತಾರೆ, ಅಲ್ಲಿ ಭಾಷೆ ಅಷ್ಟು ಅಡ್ಡ ಬರುವುದಿಲ್ಲ. ದೊಡ್ಡವರಿಗೆ ಬರುತ್ತದೆ. ಕನ್ನಡ ಬೇಕು ಎಂದು ಕೇಳುವುದಕ್ಕೆ ನಾಚಬೇಡಿ.

ಟೈಪ್ 1 ಮಕ್ಕಳಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್‌ನ ಒಂದು ಯೋಜನೆ ಉಂಟು. ಇನ್ಸುಲಿನ್ ಜೊತೆ ಮನಸ್ಸಿನ ವಿಷಯಕ್ಕೂ ಸಹಾಯ ಸಿಗುತ್ತದೆ. ಅದರ ಹೆಸರು "ಮಿಠಾಯಿ". ಹೆಸರು ಕೇಳಿ ನನ್ನ ಮಗ ಬಿದ್ದು ಬಿದ್ದು ನಕ್ಕ. ಕಾಯಿಲೆಯ ವಿಷಯದಲ್ಲಿ ಅವನು ನಕ್ಕದ್ದು ಅದೇ ಮೊದಲು.

ನಮ್ಮದು ಎಂಡೋಸಲ್ಫಾನ್ (ಗೇರು ತೋಟಕ್ಕೆ ಬಿಟ್ಟ ಕೀಟನಾಶಕ) ಬಾಧಿತ ಮನೆ. ಮಗ ಮಾತಾಡುವುದಿಲ್ಲ, ಎದ್ದು ಕೂರುವುದಿಲ್ಲ. ಅವನಿಗೂ ಮನಸ್ಸಿನ ಬೇಜಾರು ಇರುತ್ತದಾ?

ಇರುತ್ತದೆ. ಯಾರ ಸ್ವರಕ್ಕೆ ಕತ್ತು ತಿರುಗಿಸುತ್ತಾನೆ, ಯಾರು ಬಂದಾಗ ಮೈ ಬಿಗಿಯುತ್ತಾನೆ ಎಂದು ನಿಮಗಿಂತ ಚೆನ್ನಾಗಿ ಯಾರೂ ಹೇಳಲಾರರು. ಒಮ್ಮೆಲೇ ಊಟ ಬಿಟ್ಟರೆ, ರಾತ್ರಿ ಅತ್ತರೆ, ತನ್ನನ್ನು ತಾನು ಕಚ್ಚಿಕೊಂಡರೆ ನೋವು, ಭಯ, ಬೇಜಾರು ಮೂರನ್ನೂ ಯೋಚಿಸಿ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದಾಗ ಇದನ್ನೂ ಹೇಳಿ. ಇಂಥ ಮಕ್ಕಳಿಗೆಂದೇ ಇರುವ ಬಡ್ಸ್ ಶಾಲೆಗೆ ಕಳಿಸಲು ಆಗುವುದಾದರೆ ಕಳಿಸಿ. ಅಲ್ಲಿ ಬೇರೆ ಮಕ್ಕಳ ಗಲಾಟೆ ಉಂಟು, ಅದೇ ದೊಡ್ಡ ಮದ್ದು.

ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟ್ ತಡೆದದ್ದು 2011ರ ಮೇ ತಿಂಗಳಲ್ಲಿ. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೋರ್ಟ್ ಹೇಳಿದ್ದು 2017ರಲ್ಲಿ. ಈ ನಡುವೆ ಎಣ್ಮಕಜೆ, ಪಡ್ರೆ, ಬೆಳ್ಳೂರು ಕಡೆಯ ಮನೆಗಳಿಗೆ ಎಷ್ಟು ಕ್ಯಾಮೆರಾ ಬಂದವೋ ಲೆಕ್ಕವಿಲ್ಲ. ಫೋಟೋಗಳಿಂದ ಊರಿಗೆ ಉಪಕಾರ ಆಯಿತು, ಇಲ್ಲ ಎನ್ನುವುದಿಲ್ಲ. ಆದರೆ ಬಟ್ಟೆ ಸರಿ ಇಲ್ಲದ ಮಗುವನ್ನು ಕೇಳದೆ ಎತ್ತಿ ತೋರಿಸುವುದು ಇನ್ನು ಬೇಡ. ನೀವು "ಇವತ್ತು ಬೇಡ" ಎನ್ನಬಹುದು.

ಆ ಕಡೆಯ ಒಬ್ಬ ಹುಡುಗ ಜ್ವರದ ಮಾತ್ರೆಯನ್ನೂ ಮುಟ್ಟುವುದಿಲ್ಲ ಎಂದು ಅವನ ಅಜ್ಜಿ ಹೇಳಿದರು. ನಮ್ಮಲ್ಲಿ ತೋಟಕ್ಕೆ ಬಿಡುವುದೂ ಮದ್ದು, ಬಾಯಿಗೆ ಕೊಡುವುದೂ ಮದ್ದು. "ಮದ್ದಿನಿಂದಲೇ ಅಲ್ವಾ ಅಣ್ಣ ಹೀಗಾದದ್ದು?" ಎಂಬುದು ಅವನ ವಾದ. ಅಜ್ಜಿ ಈಗ ಮಾತ್ರೆಗೆ "ಗುಳಿಗೆ" ಎನ್ನುತ್ತಾರೆ, ಅವನು ನುಂಗುತ್ತಾನೆ.

ಚಿಕಿತ್ಸೆಗೆ ಮಂಗಳೂರಿಗೆ ಹೋಗಬೇಕು. ಪ್ರತಿ ಸಲ ಹಿಂದಿನ ರಾತ್ರಿ ವಾಂತಿ ಮಾಡುತ್ತಾನೆ.

ಏನೇನು ಆಗುತ್ತದೆ ಎಂದು ಮೊದಲೇ ಕ್ರಮವಾಗಿ ಹೇಳಿ. ಎಷ್ಟು ಗಂಟೆಗೆ ಬಸ್, ಎಲ್ಲಿ ತಿಂಡಿ, ರಕ್ತ ತೆಗೆಯುತ್ತಾರಾ ಇಲ್ವಾ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ದಾರಿಯಲ್ಲಿ ಆಸ್ಪತ್ರೆ ಅಲ್ಲದ್ದೊಂದು ಕೆಲಸ ಇಟ್ಟುಕೊಳ್ಳಿ. 2020ರ ಮಾರ್ಚಿನಲ್ಲಿ, ಕೊರೋನಾ ಸಮಯದಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ಆಂಬುಲೆನ್ಸ್‌ಗಳೂ ನಿಂತದ್ದನ್ನು ನಮ್ಮ ಮಕ್ಕಳು ಮರೆತಿಲ್ಲ. "ಮತ್ತೆ ಮುಚ್ಚಿದರೆ?" ಎಂದು ಕೇಳುತ್ತಾರೆ. ಮನೆಯಲ್ಲಿ ಒಂದು ತಿಂಗಳ ಮದ್ದು ಹೆಚ್ಚು ಇಟ್ಟಿದ್ದೇವೆ ಎಂದು ಕಪಾಟು ತೆರೆದು ತೋರಿಸಿದೆ. ಆಮೇಲೆ ಮಗ ಆ ಪ್ರಶ್ನೆ ಕೇಳಲಿಲ್ಲ.

ನನಗೇ ಅಳು ಬರುತ್ತದೆ. ಮಗುವಿನ ಎದುರು ಅಳಬಹುದಾ?

ಅಳಬಹುದು. "ನನಗೆ ಇವತ್ತು ಬೇಜಾರಾಗಿದೆ, ನಿನ್ನಿಂದ ಅಲ್ಲ" ಎಂದು ಹೇಳಿಬಿಡಿ. ದಿನಾ ಅಳು ಬರುತ್ತಿದ್ದರೆ ಮೇಲಿನ 14416 ನಿಮಗೂ ಇರುವುದು. ಅಪ್ಪಂದಿರು ಈ ಪ್ರಶ್ನೆ ಕೇಳುವುದಿಲ್ಲ. ಅವರು ಜಗಲಿಯಲ್ಲಿ ಸುಮ್ಮನೆ ಕೂರುತ್ತಾರೆ. ಅವರನ್ನೂ ಒಮ್ಮೆ ಡಾಕ್ಟರ ಕೋಣೆಯೊಳಗೆ ಕರೆದುಕೊಂಡು ಹೋಗಿ, ಗೇಟಿನ ಹೊರಗೆ ನಿಲ್ಲಿಸಬೇಡಿ.

ಮಕ್ಕಳೇ ಕೇಳಿದ ಕೆಲವು ಪ್ರಶ್ನೆಗಳು

*ಇದು ಯಾವಾಗ ಹೋಗುತ್ತದೆ?* ಕೆಲವು ಕಾಯಿಲೆ ದೊಡ್ಡವರಾದ ಹಾಗೆ ಕಮ್ಮಿಯಾಗುತ್ತದೆ. ಟೈಪ್ 1 ಹೋಗುವುದಿಲ್ಲ. ಹೋಗುತ್ತದೆ ಎಂದು ಮಗುವಿಗೆ ಸುಳ್ಳು ಹೇಳಬೇಡಿ.

*ನಾನು ಸಾಯ್ತೇನಾ?* ಯಾಕೆ ಹಾಗೆ ಅನಿಸಿತು ಎಂದು ಮೊದಲು ಕೇಳಿ. ನನ್ನ ಮಗ ಕೇಳಿದ್ದು ಪಕ್ಕದ ಮನೆಯ ಅಜ್ಜ ಶುಗರಿನಿಂದ ತೀರಿಕೊಂಡ ದಿನ. ಅವರಿಗೆ 84 ವರ್ಷ ಎಂದೆ. "ಓ, ಮುದುಕರಾ" ಎಂದು ಆಡಲು ಹೋದ.

*ನನಗೆ ಮದುವೆ ಆಗ್ತದಾ?* ಫಿಟ್ಸ್ ಇರುವ 15ರ ಹುಡುಗಿ ಕೇಳಿದ್ದು. ಆಗುತ್ತದೆ, ಬೇಕಿದ್ದರೆ. ಮದ್ದು ತಿನ್ನುತ್ತಾ ಕೆಲಸ, ಮನೆ, ಮಕ್ಕಳು ಎಲ್ಲ ಮಾಡಿದವರು ಬೇಕಾದಷ್ಟಿದ್ದಾರೆ. ಈ ಪ್ರಶ್ನೆ ಅವಳ ತಲೆಗೆ ಹಾಕಿದವರು ಯಾರು ಎಂದು ನನಗೆ ಗೊತ್ತು, ಅವರ ಹತ್ತಿರ ಬೇರೆ ಮಾತಾಡಿದ್ದೇನೆ.

*ಬಬಿಯಾನಿಗೆ ಶುಗರ್ ಇತ್ತಾ?* ಅನಂತಪುರದ ಕೆರೆಯ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ನನ್ನ ಮಗ ಕೇಳಿದ್ದು. ದಿನಾ ನೈವೇದ್ಯದ ಅನ್ನ ತಿನ್ನುತ್ತಿತ್ತಲ್ವಾ, ಇನ್ಸುಲಿನ್ ಯಾರು ಕೊಡುತ್ತಿದ್ದರು ಎಂದ. ಗೊತ್ತಿಲ್ಲ ಮಗಾ, ಅದರ ಬೆರಳು ಚುಚ್ಚಿ ನೋಡಲು ಯಾರಿಗೂ ಧೈರ್ಯ ಬಂದಿರಲಿಕ್ಕಿಲ್ಲ ಎಂದೆ.